ಎರಡೂವರೆ ಮಿಲಿಮೀಟರ್

ಶನಿವಾರ ಸಂಜೆ ಗಾರ್ಮೆಂಟ್ಸ್ ಮೇಲ್ವಿಚಾರಕ ಅವಳಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದ್ದ. ಹೊಲಿಗೆ ಮಿಷನ್ನಿನ ಒಳಗಿನ ಪುಟ್ಟ ಸ್ಕ್ರೂ ಒಂದನ್ನು ಬಿಚ್ಚಲು ಹೋಗಿ, ಅದರ ಆರು ಮೂಲೆಯ ಗುಳಿಯನ್ನು ಅವಳು ಸವೆಸಿ ದುಂಡಗೆ ಮಾಡಿಟ್ಟಿದ್ದಳು. ಗುಳಿಗೆ ಹಾಕಿದ ಕೀ ಗಿರ್ರನೆ ತಿರುಗಿತೇ ಹೊರತು ಸ್ಕ್ರೂ ಕದಲಲಿಲ್ಲ. ಮಿಷನ್ ನಿಂತೇಹೋಯಿತು.

ಮಿಷನ್ ರಿಪೇರಿ ಅವಳ ಗಂಡನ ಕಸುಬು. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣುಗಳನ್ನು ತಿಂದುಹಾಕಿ ಎರಡು ವರ್ಷವಾಗಿತ್ತು. ಅಂದಿನಿಂದ ಕೆಲಸಕ್ಕೆ ಅವಳ ಕೈ, ಅವನ ಬಾಯಿ. ಹೋದಲ್ಲೆಲ್ಲ ಅವಳ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎನ್ನುತ್ತಿದ್ದ. ಡಬ್ಬಿಯೊಳಗೆ ಕೈಯಾಡಿಸಿ, ಬೇಕಾದ ಅಲೆನ್ ಕೀಯನ್ನು ಹೆಬ್ಬೆರಳಲ್ಲಿ ಸವರಿ ತೆಗೆದು ಕೊಡುತ್ತಿದ್ದ. ಶನಿವಾರ ಕೀ ಕೊಟ್ಟವನೂ ಅವನೇ; ಅವನ ಅಳತೆ ಎಂದೂ ತಪ್ಪಿದ್ದಿಲ್ಲ. ಹಾಗಾಗಿ ಎಡವಟ್ಟು ತನ್ನದೇ ಇರಬೇಕೆಂದು ಅವಳು ತುಟಿ ಬಿಚ್ಚದೆ ಬೈಸಿಕೊಂಡಿದ್ದಳು.

ಭಾನುವಾರ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಡಬ್ಬಿಯನ್ನು ಬೋರಲು ಹಾಕಿದಳು. ಅರವತ್ತಕ್ಕೂ ಹೆಚ್ಚು ಕೀಗಳು. ಕೆಲವು ಕಡ್ಡಿಯಷ್ಟು ಸಣ್ಣ, ಕೆಲವು ಕಿರುಬೆರಳಷ್ಟು ದಪ್ಪ. ಎಲ್ಲವೂ ಮೊಣಕೈಯಂತೆ ಬಾಗಿದವು, ಎಲ್ಲವೂ ಎಣ್ಣೆಗಪ್ಪು. ಒಂದರ ಮೇಲೂ ಅಂಕಿಯಿಲ್ಲ.

"ನನ್ನ ಡಬ್ಬಿಗೆ ಕೈ ಹಾಕಿದ್ಯಲ್ಲ," ಎಂದ ಅವನು ಬಾಗಿಲ ಬಳಿಯಿಂದ.

"ಹಾಕಿದೀನಿ. ಎಲ್ಲಾ ಅಳೆದು ಸಾಲಾಗಿ ಇಡ್ತೀನಿ."

"ಅಳೆಯೋದೇನು ಬಂತು? ಕೇಳಿದ್ರೆ ನಾನೇ ಹೇಳ್ತೀನಿ."

"ಬನ್ನಿ ಹಾಗಾದ್ರೆ, ಹೇಳಿ."

ಅವನು ಗೋಡೆ ಹಿಡಿದುಕೊಂಡು ಬಂದು ಎದುರು ಕೂತ. ಅವಳು ಒಂದೊಂದನ್ನೇ ಒರೆಸಿ ಅವನ ಕೈಗಿಟ್ಟಳು. ದಪ್ಪನೆಯವನ್ನು ಥಟ್ಟನೆ ಹೇಳಿದ. ಎಂಟು ಮಿಲಿಮೀಟರ್. ಆರು. ಐದು. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ ಮುಖದಲ್ಲಿ ಹಳೇ ಗತ್ತು ಬಂತು. ಒಂದೂವರೆ ಗಂಟೆಯಲ್ಲಿ ದೊಡ್ಡವೆಲ್ಲ ಮುಗಿದವು. ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಕೊಂಡಿತ್ತು.

ಸಣ್ಣವು ಶುರುವಾದವು. ಒಂದನ್ನು ಅವನು ಬಹಳ ಹೊತ್ತು ಸವರಿದ.

"ಎರಡೂವರೆ," ಎಂದ. "ನಿನ್ನೆ ಕೊಟ್ಟಿದ್ದೂ ಇದೇ."

ಕ್ಯಾಲಿಪರ್ ಎರಡು ಪಾಯಿಂಟ್ ಮೂರು ಎಂಟು ತೋರಿಸಿತು. ಅದು ಇಂಚಿನ ಲೆಕ್ಕದ ಕೀ. ಎರಡೂವರೆಯ ಸ್ಕ್ರೂಗೆ ಹಾಕಿದರೆ ಒಳಗೇನೋ ಇಳಿಯುತ್ತದೆ, ಬಿಗಿಯಾಗಿ ಕೂರುವುದಿಲ್ಲ. ತಿರುಗಿಸಿದರೆ ಮೂಲೆ ತಿನ್ನುತ್ತದೆ. ಅವಳು ಎರಡು ಸಲ ಅಳೆದಳು. ಆಮೇಲೆ, ಮನಸ್ಸು ತಡೆಯದೆ, ಮೊದಲು ತಾನೇ ಅಳೆದು ನೋಡಿದ ಮೂರರ ಕೀಯೊಂದನ್ನು ಅವನ ಕೈಗಿಟ್ಟಳು.

"ಇದೂ ಎರಡೂವರೆಯೇ," ಎಂದ.

ಅವಳು ಅದನ್ನು ವಾಪಸ್ ತೆಗೆದುಕೊಂಡು ಮತ್ತೆ ಕ್ಯಾಲಿಪರ್‌ಗೆ ಹಿಡಿದಳು. ಆ ಸದ್ದೇ ಅವನಿಗೆ ಸಾಕಾಯಿತು.

"ಅಲ್ವಾ?"

"ಅಲ್ಲ ರೀ. ಇದು ಮೂರು. ಆಗಲೇ ಹೇಳಿದ್ದು ಇಂಚಿಂದು."

ಅವನು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿಕೊಂಡ. "ಐದಾರು ತಿಂಗಳಿಂದ ಬೆರಳ ತುದಿ ಜೋಮು ಹಿಡಿದ ಹಾಗೇ ಇದೆ. ಹೋಗತ್ತೆ ಬಿಡು ಅಂದ್ಕೊಂಡೆ."

"ನಿನ್ನೆ ಆ ಮನುಷ್ಯ ನನ್ನ ಜನ್ಮ ಜಾಲಾಡ್ತಿದ್ದಾಗ ಗೊತ್ತಿತ್ತಾ?"

"ಗೊತ್ತಿತ್ತು ಅಂತಾನೂ ಅಲ್ಲ, ಗೊತ್ತಿರಲಿಲ್ಲ ಅಂತಾನೂ ಅಲ್ಲ. ಅನುಮಾನ ಬಂತು. ಬಾಯಿ ಬರಲಿಲ್ಲ ಕಣೆ. ಕಣ್ಣು ಹೋಯ್ತು, ಇದೂ ಹೋಯ್ತು ಅಂತ ಎಲ್ಲರ ಮುಂದೆ ಹೇಗೆ ಹೇಳಲಿ?"

ಅವಳು ಕೈಲಿದ್ದ ಕೀಯನ್ನು ಬೆಡ್‌ಶೀಟ್ ಮೇಲೆ ಕುಕ್ಕಿದಳು. ಆದರೆ ಜಗಳವಾಡಲಿಕ್ಕೂ ತ್ರಾಣ ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ. "ನಾಳೆ ಡಾಕ್ಟರ ಹತ್ರ ಹೋಗೋಣ. ಅಲ್ಲಿಂದ ಗಾರ್ಮೆಂಟ್ಸ್‌ಗೆ. ಅಲ್ಲಿ ಮಾತಾಡೋದು ನೀವು," ಎಂದಷ್ಟೇ ಹೇಳಿದಳು.

"ಆಯ್ತು," ಎಂದ.

ಅವಳು ದಪ್ಪ ದಾರದ ಉಂಡೆ ತಂದಳು. ಎರಡರ ಕೀಗೆ ಒಂದು ಗಂಟು, ಎರಡೂವರೆಗೆ ಎರಡು, ಮೂರಕ್ಕೆ ಮೂರು, ಮೇಲೆ ಒಂದೊಂದು ಹನಿ ಅಂಟು. ಇಂಚಿನವನ್ನು ಬೇರೆ ಚೀಲಕ್ಕೆ ಹಾಕಿದಳು. ಅಂಟು ಒಣಗಿದ ಮೇಲೆ ಒಂದನ್ನು ಅವನ ಕೈಗೆ ಕೊಟ್ಟಳು. ಬೆರಳಿಗೆ ಅದು ಸರಿಯಾಗಿ ತಿಳಿಯಲಿಲ್ಲ. ಸ್ವಲ್ಪ ಯೋಚಿಸಿ, ಕೀಯನ್ನು ಕೆಳತುಟಿಗೆ ಒತ್ತಿ ಮೆಲ್ಲಗೆ ಎಳೆದ.

"ಎರಡು ಗಂಟು. ಎರಡೂವರೆ," ಎಂದ. "ಎಣ್ಣೆ ಸರಿಯಾಗಿ ಒರೆಸಿಲ್ಲ ನೀನು."

ಅವಳಿಗೆ ನಗು ಬಂತು. ಅವನ ತುಟಿಯ ಮೇಲಿನ ಮಸಿಯನ್ನು ಸೆರಗಿನಿಂದ ಒರೆಸಿದಳು.

ಅಳೆಯಬೇಕಾದ ಕೀಗಳು ಇನ್ನೂ ಹದಿನೇಳು ಉಳಿದಿದ್ದವು. ಅವಳು ಗೋಡೆಗೆ ಒರಗಿ ಕಾಲು ಚಾಚಿದಳು.

"ಮುಂದಿಂದು ಕೊಡು."

"ಹತ್ತು ನಿಮಿಷ ಬಿಡ್ರಿ. ಸಾಕಾಗಿದೆ."

ಅವನು ನೆಲ ತಡವಿ ದಾರದ ಉಂಡೆ ಹುಡುಕಿಕೊಂಡ. ತಾನೇ ಗಂಟು ಹಾಕಲು ಕೂತ. ಎರಡು ಸಲ ಜಾರಿತು. ಮೂರನೇ ಸಲ ಅವಳು ಕೂತಲ್ಲಿಂದಲೇ ಕೈ ನೀಡಿ ದಾರದ ತುದಿಯನ್ನು ಹಿಡಿದುಕೊಂಡಳು.