ಕೋಣೆಯಲ್ಲಿ ಕೇಳಿಸಿದ್ದೆಲ್ಲ

ಚಿಕ್ಕಮ್ಮ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದಳು. ಐವತ್ತೆರಡು ವರ್ಷದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ನೋಟಿಸು. ವಿಚಾರಣೆಗೆ ಹೊರಟವಳ ಹಾಗಿರಲಿಲ್ಲ, ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತುವವಳ ಹಾಗಿದ್ದಳು. ನಾನು ಏದುಸಿರು ಬಿಡುತ್ತಾ ಹಿಂದೆ ಓಡಿದೆ. ಕೂಗಿ ನಿಲ್ಲಿಸುವಂತಿಲ್ಲ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ.

ಮಾರುಕಟ್ಟೆ ಕಟ್ಟಡದ ಕೆಳಗೆ ಅವಳ ಹೊಲಿಗೆ ಅಂಗಡಿ, ಹನ್ನೆರಡು ವರ್ಷದಿಂದ ಅದೇ ಕೋಣೆ. ಮೇಲೆ ಮಾರುಕಟ್ಟೆ ಸಮಿತಿಯ ಸಭಾಂಗಣ. ಎದುರಿನ ಪೈಪು-ನಲ್ಲಿ ಅಂಗಡಿಯವನು ಅವಳ ಮೇಲೆ ದೂರು ಕೊಟ್ಟಿದ್ದ. 'ಎಲ್ಲರೆದುರು ಅಶ್ಲೀಲ ಸನ್ನೆ ಮಾಡಿರುತ್ತಾಳೆ' ಎಂದು. ಸಾಬೀತಾದರೆ ಕೋಣೆಯ ಪರವಾನಗಿ ರದ್ದು. ಆತ ಸಮಿತಿಯ ಸದಸ್ಯನೂ ಹೌದು. ಗಂಟಲು ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಮಾರುಕಟ್ಟೆಯಲ್ಲಿ ಎಲ್ಲರೂ ಮೈಕಣ್ಣ ಅನ್ನುತ್ತಾರೆ.

ನಡೆದದ್ದು ಇಷ್ಟು. ಹೋದ ವಾರ ಚಿಕ್ಕಮ್ಮ ಒಬ್ಬ ಗಿರಾಕಿಗೆ ಪ್ಯಾಂಟಿನ ಉದ್ದವನ್ನು ಕೈಯಲ್ಲೇ ವಿವರಿಸುತ್ತಿದ್ದಾಗ, ಮೈಕಣ್ಣ ತನ್ನ ಬಾಗಿಲಲ್ಲಿ ನಿಂತು ಅವಳ ಕೈಗಳನ್ನು ಅಣಕಿಸಿದ. ಬೆರಳು ತಿರುಚಿದ, ನಾಲಿಗೆ ಹೊರಗೆ ಹಾಕಿದ. ಸುತ್ತಲಿನವರು ನಕ್ಕರು. ಚಿಕ್ಕಮ್ಮ ಕತ್ತರಿ ಕೆಳಗಿಟ್ಟು, ಅವನತ್ತ ತಿರುಗಿ, ಒಂದೇ ಒಂದು ಸನ್ನೆ ಮಾಡಿದಳು. ಅರ್ಥ ಯಾರಿಗೂ ಗೊತ್ತಿರಬೇಕಾಗಿರಲಿಲ್ಲ. ಅವಳ ಮುಖವೇ ಸಾಕಿತ್ತು.

ನಾನು ಸನ್ನೆ ಭಾಷೆಯ ದುಭಾಷಿ. ಊರಿಗೆಲ್ಲ ಇರುವುದು ನಾನೊಬ್ಬಳೇ. ಆಸ್ಪತ್ರೆಯಿರಲಿ, ಬ್ಯಾಂಕಿರಲಿ, ಕಿವಿ ಕೇಳದವರ ಕೈಮಾತಿಗೆ ನಾನು ಬಾಯಿ, ಬೇರೆಯವರ ಬಾಯಿಮಾತಿಗೆ ನಾನು ಕೈ. ಆ ಬೆಳಿಗ್ಗೆ ನನ್ನನ್ನು ಹೆದರಿಸಿದ್ದು ಪರವಾನಗಿ ಮಾತ್ರವಲ್ಲ. ಕೋಣೆಯ ನಂಬರಿಗೆ ಬಂದ ನೋಟಿಸಿನ ಜೊತೆ ದೂರಿನ ಪ್ರತಿಯೂ ಇತ್ತು. ಅದರಲ್ಲಿ 'ಮೂಗಿ' ಎಂಬ ಪದ ನಾಲ್ಕು ಸಲ ಇತ್ತು. ಹಿಂದಿನ ದಿನವೇ ಚಿಕ್ಕಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ನಾಲ್ಕಕ್ಕೂ ಸುತ್ತು ಹಾಕಿ ನನ್ನ ಮುಂದೆ ಹಿಡಿದಿದ್ದಳು.

"ಎಲ್ಲರೂ ಹೀಗೇ ಕರೀತಾರಾ?" ಎಂದು ಅವಳ ಕೈ ಕೇಳಿತು.

ನನ್ನ ಕೈ ಮೇಲೇಳಲಿಲ್ಲ. ಅಂಗಡಿ ತೆರೆದ ದಿನದಿಂದ ಜನ ನನ್ನ ಮುಂದೆ "ಆ ಮೂಗಿಗೆ ಹೇಳಮ್ಮಾ, ಕಾಲರ್ ಬಿಗಿಯಾಯ್ತು" ಅನ್ನುತ್ತಿದ್ದರು. ನಾನು "ಕಾಲರ್ ಬಿಗಿಯಾಗಿದೆಯಂತೆ" ಎಂದಷ್ಟೇ ಮುಟ್ಟಿಸುತ್ತಿದ್ದೆ. ಅದನ್ನು ಕರುಣೆ ಅಂದುಕೊಂಡಿದ್ದೆ. ಹನ್ನೆರಡು ವರ್ಷ ಅವಳ ಮತ್ತು ಊರಿನ ನಡುವೆ ಜರಡಿ ಹಿಡಿದು ಕೂತಿದ್ದವಳು ನಾನು.

ಅವಳು ನನ್ನ ಮೌನವನ್ನು ಓದಿದಳು. "ನಾಳೆ ಒಂದೇ ಒಂದು ಮಾತು ಬಿಟ್ಟರೂ ನಾನು ಎದ್ದು ಬರ್ತೀನಿ. ಕೋಣೆ ಹೋದರೆ ಹೋಗಲಿ" ಎಂದಳು. ಎದ್ದು ಬಂದರೆ ತೀರ್ಪು ಅವಳಿಲ್ಲದೆಯೇ ಆಗುತ್ತದೆ. ಇಬ್ಬರಿಗೂ ಗೊತ್ತಿತ್ತು.

ಸಭಾಂಗಣ ತುಂಬಿತ್ತು. ಅರ್ಧ ಮಾರುಕಟ್ಟೆ ಅಂಗಡಿ ಮುಚ್ಚಿ ಮೇಲೆ ಬಂದಿತ್ತು. ಕೆಟ್ಟ ಸನ್ನೆ ಎಂದರೆ ಯಾರಿಗೆ ಕುತೂಹಲವಿಲ್ಲ? ಮೀನು ಮಾರುವ ಅಕ್ಕ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು, ಮೂಗಿನ ತುದಿಯಲ್ಲಿ ಕನ್ನಡಕ. ಪಕ್ಕದಲ್ಲಿ ನಡಾವಳಿ ಬರೆಯುವ ಸಣಕಲು ಗುಮಾಸ್ತ.

"ಇಲ್ಲಿ ಸಭ್ಯ ಭಾಷೆ ಮಾತ್ರ," ಎಂದು ಅಧ್ಯಕ್ಷರು ಮೇಜು ತಟ್ಟಿದರು. "ಹೇಳ್ರಿ, ಏನಾಯ್ತು?"

ಮೈಕಣ್ಣ ಎದ್ದ. "ಸರ್, ಮಾರುಕಟ್ಟೆ ಅಂದ್ಮೇಲೆ ಒಂದು ಮರ್ಯಾದೆ ಇರುತ್ತೆ. ಆ ಮೂಗಿ ಇದಾಳಲ್ಲ..."

ಆ ಪದಕ್ಕೆ ನಮ್ಮ ಕೈಮಾತಿನಲ್ಲಿ ಒಂದು ಒರಟು ಸನ್ನೆ ಇದೆ, ತುಟಿಗಳನ್ನು ಹಿಡಿದು ತಿರುಚುವುದು. ಜನ್ಮದಲ್ಲಿ ಮೊದಲ ಸಲ ಚಿಕ್ಕಮ್ಮನ ಮುಂದೆ ಅದನ್ನು ಮಾಡಿದೆ. ಅವಳ ಕಣ್ಣು ಮಿಂಚಿತು. 'ಭೇಷ್, ಮುಂದೆ?' ಎನ್ನುವ ಹಾಗೆ ತಲೆಯಾಡಿಸಿದಳು.

ಮೈಕಣ್ಣ ಮರ್ಯಾದೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ನಡುವೆ ಪಕ್ಕದವನ ಕಡೆ ಬಗ್ಗಿ, "ಕೈ ಆಡಿಸೋದು ನೋಡು, ಥೇಟ್ ಕೋತಿ" ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಕೊನೆಯ ಸಾಲಿಗೂ ಕೇಳುತ್ತದೆ. ನಾನು ಅದನ್ನೂ ಕೈಗೆ ತಂದೆ.

"ಏಯ್ ಏಯ್! ಅದನ್ಯಾಕೆ ಹೇಳ್ತೀಯಾ? ಅದು ಪಕ್ಕದವನಿಗೆ ಹೇಳಿದ್ದು!"

ಅದನ್ನೂ ತಂದೆ. ಹಿಂದಿನ ಸಾಲು ಘೊಳ್ಳೆಂದಿತು.

"ಎಲ್ಲಾನೂ ಹೇಳ್ಬೇಕೇನಮ್ಮಾ?" ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು.

"ಕೋಣೆಯಲ್ಲಿ ಕೇಳಿಸಿದ್ದೆಲ್ಲ ಹೇಳ್ಬೇಕು ಸರ್. ದುಭಾಷಿಗಳ ನಿಯಮ." ನನಗೆ ಭಯದ ಜೊತೆ ಇನ್ನೇನೋ ಆಗುತ್ತಿತ್ತು. ಬಹಳ ಕಾಲ ಮುಚ್ಚಿದ್ದ ಕಿಟಕಿಯನ್ನು ಗುದ್ದಿ ತೆರೆಯುವಾಗ ಆಗುವಂಥದ್ದು.

"ಸರಿ. ಆಕೆ ಮಾಡಿದ ಸನ್ನೆ ಯಾವುದು?"

"ಥೂ, ಹೆಂಗಸರಿದಾರೆ ಸರ್."

"ನಾವು ದಿನಾ ನಿನ್ನ ಬಾಯಲ್ಲಿ ಕೇಳೋದೇ ಅಣ್ಣಾ, ತೋರಿಸು!" ಎಂದಳು ಮೀನಿನಕ್ಕ.

ಅಧ್ಯಕ್ಷರು ಚಿಕ್ಕಮ್ಮನ ಕಡೆ ತಿರುಗಿದರು. "ಸನ್ನೆ ಮಾಡಿದ್ದು ನಿಜಾನಾ?"

ಚಿಕ್ಕಮ್ಮನ ಕೈಗಳು ಎದ್ದವು. ನಾನು ದನಿಯಾದೆ: "ಮಾಡಿದೆ. ಬೇಕಂತಲೇ ಮಾಡಿದೆ. ಇವನು ನನ್ನ ಮಾತನ್ನ ಅಣಕಿಸಿದ, ನಾನು ಬೈದೆ."

"ಏನಂತ ಬೈದಿರಿ?"

ಅವಳು ಮತ್ತೆ ಅದೇ ಸನ್ನೆ ಮಾಡಿದಳು, ನಿಧಾನವಾಗಿ, ಅಂಚು ಮಡಚಿ ಹೊಲಿಯುವಷ್ಟು ಚೊಕ್ಕವಾಗಿ. ಆಮೇಲೆ ನನ್ನ ಕಡೆ ನೋಡಲಿಲ್ಲ. ಸಭೆಯತ್ತ ತಿರುಗಿ ಒಂದೊಂದೇ ಮುಖವನ್ನು ನೋಡುತ್ತಾ ನಿಂತಳು.

ಆಗ ನನಗೆ ಹೊಳೆಯಿತು. ನಾನು ಹೇಳಿದ್ದು ಅವಳಿಗೆ ಕೇಳುವುದಿಲ್ಲ, ಆದರೆ ಕೇಳಿಸಿಕೊಂಡವರ ಮುಖ ಅವಳಿಗೆ ಕಾಣುತ್ತದೆ. 'ನಿಮ್ಮ ಮಾತು ಸರಿಯಿಲ್ಲ ಅಂದೆ' ಎಂದು ನಾನು ಸಕ್ಕರೆ ಬೆರೆಸಿದರೆ ಒಂದು ಮುಖವೂ ಕದಲುವುದಿಲ್ಲ. ಅವಳು ಹೊರಟುಹೋಗುತ್ತಾಳೆ.

"ಹೇಲು ತಿನ್ನೋ ಬಾಯಿ ನಿಂದು," ಎಂದೆ, ಗಟ್ಟಿಯಾಗಿ.

ಮುಖಗಳೆಲ್ಲ ಒಟ್ಟಿಗೇ ಕದಲಿದವು. ಹುಬ್ಬು ಹಾರಿದವು, ಬಾಯಿ ತೆರೆದವು, ಮೀನಿನಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಚಿಕ್ಕಮ್ಮ ಎಡದಿಂದ ಬಲಕ್ಕೆ ಎಲ್ಲವನ್ನೂ ನೋಡಿ, ತೃಪ್ತಿಯಿಂದ ಕೈಕಟ್ಟಿದಳು.

"ಏನಮ್ಮಾ ಇದು!" ಅಧ್ಯಕ್ಷರು ನನ್ನ ಮೇಲೆ ಹರಿಹಾಯ್ದರು. "ಓದಿದ ಹುಡುಗಿ, ನಾಚಿಕೆ ಆಗಲ್ವಾ? ನಡಿ ಹೊರಗೆ!"

"ಸರ್, ಅದು ಈಕೆ ಹೇಳಿದ್ದಲ್ಲ, ಆಕೆ ಹೇಳಿದ್ದು," ಎಂದ ಗುಮಾಸ್ತ.

"ಬಾಯಿ ಯಾರದ್ದಯ್ಯಾ?"

"ಬಾಯಿ ಈಕೇದೇ. ಆದ್ರೆ ಈಕೇನ ಕಳಿಸಿದ್ರೆ ವಿಚಾರಣೆ ನಡೆಯಲ್ಲ ಸರ್. ಊರಲ್ಲಿ ಬೇರೆ ದುಭಾಷಿ ಇಲ್ಲ."

ಈ ಜಗಳವನ್ನೂ ನಾನು ಕೈಯಲ್ಲಿ ಬಿಡದೆ ಹೇಳುತ್ತಿದ್ದೆ, ನನ್ನನ್ನೇ ಹೊರಗೆ ಹಾಕುವ ಮಾತನ್ನೂ. ಚಿಕ್ಕಮ್ಮನ ಭುಜ ನಗುವಿನಿಂದ ಅಲುಗುತ್ತಿತ್ತು.

ಅಧ್ಯಕ್ಷರು ನೀರು ಕುಡಿದರು. "ಇರಲಿ. ಆ ಮಾತನ್ನ ನಡಾವಳಿಯಿಂದ ತೆಗೆದುಬಿಡು."

"ತೆಗೆದೆ ಸರ್. 'ಮೂಗಿ' ಅನ್ನೋದು? ಅದನ್ನೂ ತೆಗೀಲಾ?"

"ಅದ್ಯಾಕೆ? ಅದು ಬೈಗುಳ ಅಲ್ಲವಲ್ಲ. ಅದು... ಗುರುತು."

ನಾನು ಅದನ್ನು ಮುಟ್ಟಿಸಿದೆ. ಚಿಕ್ಕಮ್ಮನ ನಗು ಅಲ್ಲೇ ನಿಂತಿತು. ಅವಳು ಮೇಜಿನ ಹತ್ತಿರಕ್ಕೆ ನಡೆದಳು. ಕೈಗಳು ಎಷ್ಟು ವೇಗವಾಗಿ ಓಡಿದವೆಂದರೆ ನನ್ನ ನಾಲಿಗೆ ಹಿಂದೆ ಬಿತ್ತು.

"ಅದು ಗುರುತಾದ್ರೆ ನಂದೂ ಗುರುತೇ. ಅವನ ಬಾಯಿ ಹೇಗಿದೆ ಅಂತ ಗುರುತು ಹೇಳಿದೆ. ನಂದು ಬೈಗುಳ ಆದ್ರೆ ಅವಂದೂ ಬೈಗುಳ. ತೆಗೆಯೋದಾದ್ರೆ ಎರಡೂ ತೆಗೀರಿ, ಇಡೋದಾದ್ರೆ ಎರಡೂ ಇಡಿ. ನಂಗೆ ಯಾವುದಾದ್ರೂ ಸರಿ."

"ಹಾಗೆ ಹೇಳು!" ಎಂದು ಮೀನಿನಕ್ಕ ತೊಡೆ ತಟ್ಟಿದಳು. ಅಧ್ಯಕ್ಷರು ಪೇಚಿಗೆ ಬಿದ್ದರು. ತಮ್ಮ ಸಹಿ ಬೀಳುವ ಪುಸ್ತಕದಲ್ಲಿ ಹೇಲು ಎಂಬ ಪದ ಇರುವುದನ್ನು ಅವರು ಹೇಗೆ ತಾನೇ ಸಹಿಸಿಯಾರು?

"ಆಯ್ತು, ಎರಡೂ ತೆಗಿ. ದೂರಿನಲ್ಲೂ ತೆಗಿ."

ಗುಮಾಸ್ತ ನಾಲ್ಕು ಗೆರೆ ಎಳೆದು, ಉಳಿದದ್ದರಲ್ಲಿ ಎರಡು ಸಾಲು ಓದಿದ. "'ನಮ್ಮ ಮಾರುಕಟ್ಟೆಯ... ನನ್ನ ಕಡೆ ಎಲ್ಲರೆದುರು ಅಶ್ಲೀಲ ಸನ್ನೆ ಮಾಡಿರುತ್ತಾಳೆ. ಸದರಿ... ಮೇಲೆ ಕಠಿಣ ಕ್ರಮ ಕೈಗೊಳ್ಳಬೇಕು.'" ತಲೆಯೆತ್ತಿದ. "ಯಾರ ಮೇಲೆ ಸರ್?"

"ಹೆಸರು ಬರೆದಿಲ್ವಾ?"

"ಹೆಸರು ಯಾಕೆ? ಎಲ್ಲರಿಗೂ ಗೊತ್ತಲ್ಲ ಯಾರು ಅಂತ!" ಎಂದ ಮೈಕಣ್ಣ.

"ಹಾಗಾದ್ರೆ ಹೇಳಿ," ಎಂದ ಗುಮಾಸ್ತ.

ಮೈಕಣ್ಣ ಬಾಯಿ ತೆರೆದ. ಮುಚ್ಚಿದ. ಪಕ್ಕದವನನ್ನು ನೋಡಿದ. ಪಕ್ಕದವನು ನೆಲ ನೋಡಿದ. "ಟೈಲರ್... ಟೈಲರಮ್ಮ..." ಎಂದು ಮೀನಿನಕ್ಕ ಶುರು ಮಾಡಿ ನಿಲ್ಲಿಸಿದಳು. ಅಷ್ಟು ಹೊತ್ತಿನ ಗದ್ದಲವೆಲ್ಲ ಎಲ್ಲೋ ಇಂಗಿಹೋಯಿತು. ಕಿವಿ ಕೇಳುವವರೇ ತುಂಬಿದ ಒಂದು ಕೋಣೆ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರೆಲ್ಲರ ಅಂಗಿಯ ಅಳತೆ ಅವಳಿಗೆ ಬಾಯಿಪಾಠ.

"ಏನಾಯ್ತು?" ಎಂದು ಚಿಕ್ಕಮ್ಮ ಕೇಳಿದಳು.

ಕೇಳಿಸಿದ್ದನ್ನೆಲ್ಲ ಹೇಳಬೇಕು. ಕೇಳಿಸದೆ ಹೋದದ್ದನ್ನು? ಅದಕ್ಕೆ ನಿಯಮವಿರಲಿಲ್ಲ. ಆದರೂ ಹೇಳಿದೆ: "ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ."

ಅವಳ ಕೆನ್ನೆ ಕೆಂಪಾಯಿತು. ನೀಲಿ ಸುತ್ತು ಹಾಕುವಾಗಲೂ ಹಾಗಾಗಿರಲಿಲ್ಲ.

"ರಿಜಿಸ್ಟರ್ ನೋಡು," ಎಂದರು ಅಧ್ಯಕ್ಷರು.

"ನೋಡಬಹುದು ಸರ್. ಆದ್ರೆ ದೂರಿನಲ್ಲಿ ನಾನು ತುಂಬೋ ಹಾಗಿಲ್ಲ. ದೂರು ಕೊಟ್ಟವರೇ ಬರೀಬೇಕು."

ಮೈಕಣ್ಣ ನನ್ನ ಕಡೆ ತಿರುಗಿದ. "ಏನಮ್ಮಾ ಅವಳ ಹೆಸರು?"

"ನನ್ನನ್ನ ಕೇಳು," ಎಂದವು ಚಿಕ್ಕಮ್ಮನ ಕೈಗಳು. "ಅವಳನ್ನಲ್ಲ."

ಅವನು ಅವಳ ಎದುರು ಬಂದು ನಿಲ್ಲಬೇಕಾಯಿತು. "ನಿನ್ನ..." ಅಧ್ಯಕ್ಷರು ಕೆಮ್ಮಿದರು. ಅವನು ತಿದ್ದಿಕೊಂಡ: "ನಿಮ್ಮ ಹೆಸರೇನು?"

"ಯಾಕೆ ಬೇಕು?"

"ನಿಮ್ಮ ಮೇಲೆ ದೂರು ಕೊಡೋಕೆ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರೂ ಕರವಸ್ತ್ರದ ಹಿಂದೆ ನಕ್ಕರು. ಮೈಕಣ್ಣನ ಮುಖ ಇದ್ದಿಲಾಯಿತು. "ಬೇಡ ಬಿಡಿ ಸರ್, ನನಗೇನು ಇದೇ ಕೆಲಸಾನಾ?" ಎಂದು ಬಾಗಿಲತ್ತ ಹೊರಟವನು, "ಇವಳಿಗೆ ಹೆಸರು ಬೇರೆ ಕೇಡು" ಎಂದು ಗೊಣಗಿದ. ಅವನು ಹೊಸ್ತಿಲು ದಾಟುವ ಮೊದಲೇ ಅದು ನನ್ನ ಕೈಯಲ್ಲಿತ್ತು.

"ಯಾರ ಮೇಲೂ ಅಲ್ಲದ ದೂರು. ವಜಾ," ಎಂದರು ಅಧ್ಯಕ್ಷರು. ನಾವು ಹೊರಡುವಾಗ ನನ್ನನ್ನು ಹತ್ತಿರ ಕರೆದು, "ನೀನು ಮಾತ್ರ ಆ ಮಾತು ಆಡಬಾರದಿತ್ತಮ್ಮ. ಓದಿದವಳು" ಎಂದರು. ಅವರ ಮುಖದೆದುರೇ ಅದನ್ನೂ ಚಿಕ್ಕಮ್ಮನಿಗೆ ಹೇಳಿದೆ.

ಮೆಟ್ಟಿಲ ಮೇಲೆ ಮೀನಿನಕ್ಕ ಅಡ್ಡ ಬಂದಳು. ನನ್ನನ್ನಲ್ಲ, ಚಿಕ್ಕಮ್ಮನನ್ನೇ ನೋಡುತ್ತಾ, "ಹೆಸರು ಹೇಳೇ ತಾಯಿ, ದಮ್ಮಯ್ಯ" ಎಂದಳು. ಚಿಕ್ಕಮ್ಮ ಅವಳ ಅಂಗೈ ಬಿಡಿಸಿ, ತೋರುಬೆರಳಿನಿಂದ ಅಕ್ಷರ ಅಕ್ಷರವಾಗಿ ಬರೆದಳು. ಮೀನಿನಕ್ಕ ಮುಷ್ಟಿ ಮುಚ್ಚಿಕೊಂಡು ಓಡಿದಳು.

ಅಂಗಡಿಯ ಬೀಗ ತೆಗೆದದ್ದೇ ಚಿಕ್ಕಮ್ಮ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ತಾನು ಯಂತ್ರದ ಮುಂದೆ ಕೂತಳು, ಆದರೆ ಬಟ್ಟೆ ಎತ್ತಿಕೊಳ್ಳಲಿಲ್ಲ. ಕೈ ಖಾಲಿ ಇಟ್ಟುಕೊಂಡಳು.

"ಹನ್ನೆರಡು ವರ್ಷದ್ದು. ಶುರು ಮಾಡು."

"ಎಲ್ಲಾನೂನಾ?"

"ಬಿಟ್ಟಿದ್ದೆಲ್ಲ."

ಎಲ್ಲಿಂದ ಶುರು ಮಾಡಲಿ? ನೆನಪಿನಲ್ಲಿ ಹಿಂದೆ ಹಿಂದೆ ಹೋದೆ. ಮೊದಲನೆಯದು ಮೈಕಣ್ಣನದಾಗಿರಲಿಲ್ಲ, ಗಿರಾಕಿಗಳದ್ದೂ ಅಲ್ಲ. ಅಂಗಡಿ ತೆರೆದ ದಿನ ಬಾಗಿಲಲ್ಲೇ ನಿಂತು, "ಮೂಗಿಗೆ ಅಂಗಡಿ ಯಾತಕ್ಕೆ, ಮನೆಯಲ್ಲಿ ಬಿದ್ದಿದ್ರೆ ಸಾಲದಾ?" ಎಂದವಳು ನನ್ನ ಅಮ್ಮ. ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ಆ ದಿನ ನಾನು ಕೈಯಲ್ಲಿ ಹೇಳಿದ್ದು, 'ಒಳ್ಳೆಯದಾಗಲಿ ಅಂತಿದಾಳೆ' ಎಂದು.

ಪೂರ್ತಿ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ.

ಚಿಕ್ಕಮ್ಮ ಸ್ಟೂಲನ್ನು ನನ್ನ ಸಮೇತ ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಅದು ಗೊತ್ತು," ಎಂದಳು. "ಅವತ್ತೇ ಅಕ್ಕನ ಮುಖ ನೋಡಿದ್ದೆ. ಮುಂದಿನದು?"