ಪಶ್ಚಿಮದಲ್ಲಿಲ್ಲದ ಬಾಗಿಲು

ನಮ್ಮ ಗ್ರಂಥಾಲಯದ ಮುಂಬಾಗಿಲು ಪೂರ್ವಕ್ಕಿದೆ. ಬೆಳಿಗ್ಗೆ ಅದನ್ನು ತೆರೆದೊಡನೆ ಬಿಸಿಲು ನೇರವಾಗಿ ಬಂದು ನನ್ನ ಮೇಜಿನ ಮೇಲೆ ಕೂರುತ್ತದೆ, ನನಗಿಂತ ಮೊದಲು. ಪರಾಮರ್ಶನ ವಿಭಾಗದ ಮೇಜು ಅದು. ಮನೆಗೆ ಒಯ್ಯಲು ಕೊಡದ, ಅಲ್ಲೇ ಕೂತು ನೋಡಿ ಎದ್ದುಹೋಗಬೇಕಾದ ಪುಸ್ತಕಗಳ ಕಾವಲು ನನ್ನದು.

ಹೊಲಿಯುವವನು ರವಿಕೆ ಹಾಳು ಮಾಡಿಕೊಟ್ಟರೂ ‘ಚೆನ್ನಾಗಿದೆ’ ಎಂದು ತಲೆಯಾಡಿಸಿ ಬರುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಇಲ್ಲಿ ಬಾಯಿಂದ ಉತ್ತರ ಕೊಡುವ ಹಾಗೇ ಇಲ್ಲ. ನನಗೆ ಕೆಲಸ ಕಲಿಸಿ ನಿವೃತ್ತರಾದ ಮೇಡಂ ಹೇಳುತ್ತಿದ್ದರು: “ಗೊತ್ತಿದ್ರೂ ಹೇಳ್ಬೇಡ ಕಣೇ. ಪುಸ್ತಕ ತೆಗೆದು ತೋರ್ಸು. ಇನ್ನೊಂದು ಕಡೆನೂ ನೋಡು. ಎರಡೂ ಒಂದೇ ಮಾತು ಹೇಳಿದ್ರೆ ಹಿಗ್ಗಬೇಡ, ಒಬ್ಬರದನ್ನ ನೋಡಿ ಇನ್ನೊಬ್ಬರು ಬರ್ಕೊಂಡಿದ್ದಾರಾ ಅಂತ ನೋಡು.”

ಪದದ ಅರ್ಥಕ್ಕೆ ನಿಘಂಟು. ಒಂದು ವಿಷಯದ ತಳಬುಡ ಗೊತ್ತಿಲ್ಲದಿದ್ದರೆ ಮೊದಲು ವಿಶ್ವಕೋಶ. ಹೋದ ವರ್ಷದ ಅಂಕಿಅಂಶಕ್ಕೆ ಇಯರ್‌ಬುಕ್, ಸತ್ತುಹೋದ ದೊಡ್ಡವರಿಗೆ ಜೀವನಚರಿತ್ರೆಗಳ ಕೋಶ. ಯಾರು, ಎಲ್ಲಿ, ಯಾವ ಬೀದಿ ಎಂದರೆ ವರ್ಷವರ್ಷವೂ ಬರುವ ಊರಿನ ಡೈರೆಕ್ಟರಿ. “ಹಳೇ ಪ್ರಶ್ನೆಗೆ ಹಳೇ ಡೈರೆಕ್ಟರಿ. ಹೊಸದು ಬಂತು ಅಂತ ಅದನ್ನ ರದ್ದಿಗೆ ಹಾಕಿದ್ಯೋ, ಬಂದು ನಿನ್ನ ಕೈ ಮುರೀತೀನಿ.” ಮೇಡಂ ಕೊನೆಯ ದಿನ ಹೇಳಿಹೋದ ಮಾತು ಅದು.

ಒಂದು ದಿನ ನಮ್ಮ ಮುಖ್ಯಸ್ಥರು ಮೇಜಿನ ಬಳಿ ಬಂದು ದನಿ ತಗ್ಗಿಸಿದರು. ಮುಂಬಾಗಿಲಿಗೆ ಸ್ಥಾಪಕರ ಹೆಸರಿನ ಕಲ್ಲು ಕೂರಿಸುತ್ತಾರಂತೆ. ಹೆಸರು ಆಡಳಿತ ಸಮಿತಿಯ ಅಧ್ಯಕ್ಷರ ತಾತನದು.

“ನಿಮ್ಮದೊಂದು ಸಹಿ ಅಷ್ಟೇ ಕಣಮ್ಮ. ಪರಿಶೀಲಿಸಿದೆ, ಸರಿಯಿದೆ ಅಂತ. ನಿಮ್ಮನ್ನ ಖಾಯಂ ಮಾಡೋ ಫೈಲೂ ಅಧ್ಯಕ್ಷರ ಮೇಜಿನ ಮೇಲೇ ಇದೆ, ನೋಡಿ.”

ನೋಡಿದೆ. ಫೈಲನ್ನಲ್ಲ, ಪುಸ್ತಕಗಳನ್ನು. ಜೀವನಚರಿತ್ರೆಗಳ ಕೋಶದಲ್ಲಿ ಆ ತಾತನೇ ಸ್ಥಾಪಕ. ವಿಶ್ವಕೋಶದಲ್ಲೂ ಅವನೇ. ಹಳೆಯ ಇಯರ್‌ಬುಕ್ಕಿನಲ್ಲೂ ಅವನೇ. ಮೂರು ಸಾಕ್ಷಿ ಸಿಕ್ಕಿತೆಂದು ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ನಿಂತೆ. ಕಟ್ಟಡವನ್ನು ವರ್ಣಿಸುವಾಗ ಮೂರೂ ‘ಪಶ್ಚಿಮಕ್ಕೆ ತೆರೆಯುವ ಭವ್ಯ ಮಹಾದ್ವಾರ’ ಎಂದಿದ್ದವು. ಆ ಹೊತ್ತಿಗೆ ಬೆಳಗಿನ ಬಿಸಿಲು ಅದೇ ಬಾಗಿಲಿನಿಂದ ಬಂದು ಅದೇ ಸಾಲಿನ ಮೇಲೆ ಬಿದ್ದಿತ್ತು. ಇಲ್ಲಿಗೆ ಕಾಲಿಡದ ಯಾರೋ ಬರೆದದ್ದನ್ನು ಉಳಿದವರು ಕಣ್ಣುಮುಚ್ಚಿ ಇಳಿಸಿಕೊಂಡಿದ್ದರು. ಆಧಾರಗ್ರಂಥಗಳ ಪಟ್ಟಿ ತೆರೆದರೆ ಮೂರರಲ್ಲೂ ಒಂದೇ ಹೆಸರು: ಅಧ್ಯಕ್ಷರ ಮನೆಯವರೇ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆ.

ಆಮೇಲೆ ಗ್ರಂಥಾಲಯ ಆರಂಭವಾದ ವರ್ಷದ ಡೈರೆಕ್ಟರಿ ತೆಗೆದೆ. ನಮ್ಮ ಬೀದಿ, ನಮ್ಮ ಕಟ್ಟಡ. ‘ಸಾರ್ವಜನಿಕ ವಾಚನಾಲಯ. ನಡೆಸುವವರು: ಅಚ್ಚುಮೊಳೆ ಜೋಡಿಸುವವರ ಸಂಘ.’ ಮುದ್ರಣಾಲಯದ ಕಾರ್ಮಿಕರು. ತಾತನ ಸುಳಿವೇ ಇರಲಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಹೇಳಿದೆ. ಅವಳು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಕಲ್ಲಿನ ಮೇಲೆ ಯಾರ ಹೆಸರಿದ್ರೆ ನಿಂಗೇನೇ? ನೀನೇನು ಅದರ ಕೆಳಗೆ ಹೋಗಿ ಮಲಗ್ತೀಯಾ? ಮೊದಲು ಖಾಯಂ ಆಗು. ಆಮೇಲೆ ಬೇಕಾದ್ರೆ ದಿನಾ ಆ ಕಲ್ಲಿಗೆ ಬೈಕೊಂಡು ಒಳಗೆ ಹೋಗು.”

“ಬಾಗಿಲು ಪಶ್ಚಿಮಕ್ಕಿದೆ ಅಂತ ಬರೆದಿದ್ದಾರೆ ಅಮ್ಮ.”

“ಬರ್ಕೊಳ್ಳಲಿ ಬಿಡು! ಬರೆದ್ರೆ ಬಾಗಿಲೇನು ತಿರುಗುತ್ತಾ?”

“ತಿರುಗಲ್ಲ. ಅದಕ್ಕೇ.”

ಅಮ್ಮ ಹಲ್ಲಿನಿಂದ ದಾರ ಕಡಿದು, “ಊರಿನವರ ಮುಂದೆ ಮೂಕಿ, ನನ್ನ ಮುಂದೆ ವಕೀಲೆ” ಎಂದಳು.

ಮರುದಿನ ಚೀಟಿ ಬರೆದು ಮುಖ್ಯಸ್ಥರಿಗೆ ಕೊಟ್ಟೆ: ‘ಮೂರು ಪುಸ್ತಕಗಳಿಗೂ ಮೂಲ ಒಂದೇ, ಕುಟುಂಬದ ಸಂಚಿಕೆ. ಆ ವರ್ಷದ ಡೈರೆಕ್ಟರಿಯ ಪ್ರಕಾರ ನಡೆಸುತ್ತಿದ್ದದ್ದು ಕಾರ್ಮಿಕರ ಸಂಘ. ಸ್ಥಾಪಕರ ಹೆಸರು ಸಿಕ್ಕಿಲ್ಲ.’ ಕೆಳಗೆ ಪುಟಸಂಖ್ಯೆಗಳು, ನನ್ನ ಸಹಿ.

ಮಧ್ಯಾಹ್ನದವರೆಗೂ ಅಧ್ಯಕ್ಷರು ಕಾಯಲಿಲ್ಲ. ಬಿಸಿಲು ಇನ್ನೂ ಮೇಜಿನ ಮೇಲಿರುವಾಗಲೇ ಬಂದು ಎದುರು ನಿಂತರು. ಹಿಂದೆ ಮುಖ್ಯಸ್ಥರು, ಕೈ ಹಿಸುಕುತ್ತ.

“ಏನಮ್ಮಾ, ಮೂರು ಪುಸ್ತಕ ಹೌದು ಅನ್ನುತ್ತೆ, ನೀನೊಬ್ಬಳು ಇಲ್ಲ ಅಂತೀಯಾ?”

“ಮೂರಲ್ಲ ಸಾರ್. ಒಂದೇ.”

“ಎಣಿಸೋಕೂ ಬರಲ್ವಾ?”

ಪರೀಕ್ಷೆಗೆ ಓದುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಆದರೂ ಮಾತು ಹೊರಬಂತು.

“ಮೂರು ಪುಸ್ತಕಾನೂ ಬಾಗಿಲು ಪಶ್ಚಿಮಕ್ಕಿದೆ ಅನ್ನುತ್ತೆ ಸಾರ್. ನೀವೀಗ ಯಾವ ಕಡೆಯಿಂದ ಬಂದ್ರಿ?”

ಅವರು ತಿರುಗಿ ನೋಡಿದರು. ಬಿಸಿಲು ಕಣ್ಣಿಗೆ ಹೊಡೆಯಿತು. ಈ ಸಲ ಯಾರೂ ನಗಲಿಲ್ಲ.

ಅಧ್ಯಕ್ಷರ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. “ಆಯ್ತಮ್ಮ. ಎಲ್ಲಿ ಆ ಡೈರೆಕ್ಟರಿ? ಕೊಡು, ಮನೇಲಿ ಕೂತು ನಿಧಾನವಾಗಿ ನೋಡ್ತೀನಿ.”

“ಕೊಡಿ, ಕೊಡಿ. ಅಧ್ಯಕ್ಷರೇ ಕೇಳ್ತಿದ್ದಾರಲ್ಲ” ಎಂದರು ಮುಖ್ಯಸ್ಥರು.

ಆ ವರ್ಷದ್ದು ನಮ್ಮಲ್ಲಿ ಅದೊಂದೇ ಪ್ರತಿ. ಹೋದರೆ ಹಿಂದಿರುಗುವುದಿಲ್ಲವೆಂದು ನನಗೂ ಗೊತ್ತಿತ್ತು, ಮುಖ್ಯಸ್ಥರಿಗೂ ಗೊತ್ತಿತ್ತು. ಎರಡೂ ಅಂಗೈಗಳನ್ನು ಅದರ ರಟ್ಟಿನ ಮೇಲೆ ಊರಿದೆ.

“ಇದು ಹೊರಗೆ ಹೋಗಲ್ಲ ಸಾರ್.”

ಇಡೀ ಕೋಣೆಗೆ ಕೇಳಿಸಿತು. ಅಷ್ಟು ಗಟ್ಟಿ ದನಿ ನನ್ನೊಳಗೆ ಎಲ್ಲಿ ಅಡಗಿತ್ತೋ.

“ನಿನ್ನ ಫೈಲು ನನ್ನ ಹತ್ರ ಇದೆ. ನೆನಪಿದೆ ತಾನೇ?”

“ಇದೆ ಸಾರ್. ಅದನ್ನ ಬೇಕಾದ್ರೆ ಮನೆಗೆ ತಗೊಂಡು ಹೋಗಿ. ಇದನ್ನಲ್ಲ.”

ಎದ್ದು ಹೋಗಿ, ಎದುರಿನ ಕುರ್ಚಿಯನ್ನು ಅವರಿಗಾಗಿ ಹಿಂದಕ್ಕೆಳೆದೆ. “ಇಲ್ಲೇ ಕೂತು ಓದಬಹುದು. ಸಂಜೆ ಮುಚ್ಚೋವರೆಗೂ.” ಓದುತ್ತಿದ್ದವರೆಲ್ಲ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ಅಧ್ಯಕ್ಷರು ಕೂರಲಿಲ್ಲ. ಬಂದ ಬಾಗಿಲಿನಿಂದಲೇ, ಪೂರ್ವದಿಂದಲೇ, ಹೊರಗೆ ಹೋದರು.

ನಾನು ಖಾಯಂ ಆಗಲಿಲ್ಲ. ತಾತ್ಕಾಲಿಕ ಆದೇಶವನ್ನೇ ಮತ್ತೆ ಮುಂದುವರಿಸಿದ್ದಾರೆ, ಯಾವಾಗ ಬೇಕಾದರೂ ಕಿತ್ತುಹಾಕುವ ಹಾಗೆ. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆದರೆ ಮೊನ್ನೆ ಪಕ್ಕದ ಮನೆಯಾಕೆಗೆ, “ನನ್ನ ಮಗಳು ಅಧ್ಯಕ್ಷನಿಗೇ ಕುರ್ಚಿ ತೋರಿಸಿದಳು” ಎನ್ನುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು.

ಕಲ್ಲು ಬಂದಿದೆ. ನನ್ನ ಸಹಿಯಿಲ್ಲದೆ ಕೆತ್ತಿಸಲು ಮುಖ್ಯಸ್ಥರಿಗೆ ಧೈರ್ಯವಿಲ್ಲ, ಹಿಂದಕ್ಕೆ ಕಳಿಸಲೂ ಇಲ್ಲ. ಬೋಳಾಗಿಯೇ ಮುಂಬಾಗಿಲ ಗೋಡೆಗೆ ಒರಗಿದೆ. ಜನ ಅದಕ್ಕೆ ಸೈಕಲ್ ಆನಿಸುತ್ತಾರೆ.

ಇವತ್ತು ದಿನಪತ್ರಿಕೆ ಓದಲು ಬರುವ ಮುದುಕರೊಬ್ಬರು ಕೇಳಿದರು: “ಏನವ್ವಾ, ಆ ಕಲ್ಲಿನ ಮೇಲೆ ಏನೂ ಬರೆದೇ ಇಲ್ವಲ್ಲ?”

ಬಾಯಿಂದ ಹೇಳಲಿಲ್ಲ. ಕುರ್ಚಿ ಎಳೆದೆ, ಡೈರೆಕ್ಟರಿ ತಂದು ಅವರ ಮುಂದೆ ತೆರೆದಿಟ್ಟೆ.