ಮೂವತ್ತೊಂದು ಈಸ್ಟರಿನ ಮ್ಯಾಮ್ಮಿ

ಈಸ್ಟರಿಗೆ ಮುಂಚಿನ ಬುಧವಾರ ಕೆಲಸ ಮುಗಿಸಿ ಅಂಗಡಿಗೆ ಹೋಗಿ ಮ್ಯಾಮ್ಮಿಯ ಡಬ್ಬಿ ಎತ್ತಿಕೊಂಡೆ. ಒಂದು ಕಿಲೋದ್ದು, ಇದ್ದುದರಲ್ಲೇ ದೊಡ್ಡದು. ಮ್ಯಾಮ್ಮಿ ಕಂಡರೆ ನನಗಾಗದು. ರೈ ಎಂಬ ಧಾನ್ಯದ ಹಿಟ್ಟಿಗೆ ಮೊಳಕೆ ಬರಿಸಿ ಒಣಗಿಸಿದ ರೈ ಪುಡಿ ಬೆರೆಸಿ, ಬಿಸಿನೀರಲ್ಲಿ ಗಂಟೆಗಟ್ಟಲೆ ಇಟ್ಟು, ಕಿತ್ತಳೆ ಸಿಪ್ಪೆ ಹಾಕಿ, ಆಮೇಲೆ ಒಲೆಯೊಳಗೆ ಕಪ್ಪಗಾಗುವವರೆಗೆ ಬೇಯಿಸಿ, ಮೂರು ದಿನ ತಣ್ಣಗಿಟ್ಟು ತಿನ್ನುವ ಈ ಪದಾರ್ಥ ನೋಡಲು ರಸ್ತೆಗೆ ಸುರಿಯುವ ಡಾಂಬರು. ಇದನ್ನು ಆಗಲೇ ಯಾರೋ ಒಂದು ಸಲ ತಿಂದಾಗಿದೆ ಎನ್ನುವ ಹಳೇ ಜೋಕು ನಮ್ಮ ದೇಶದಲ್ಲಿ ಮಕ್ಕಳಿಗೂ ಗೊತ್ತು. ಬಾಯಿಗೆ ಬಿದ್ದ ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರೆ. ಆ ಕಷ್ಟವೇ ವಾಸಿ, ಎಷ್ಟಾದರೂ ಅದು ತುಪ್ಪ. ನಾನು ಮೂವತ್ತೊಂದು ವರ್ಷದಿಂದ ಇದನ್ನು ತಿನ್ನುತ್ತಿದ್ದೇನೆ. ಅತ್ತೆಯ ಬೆರಳುಗಳು ಸೊಟ್ಟಗಾಗಿ ಮನೆಯಲ್ಲಿ ಮಾಡುವುದು ನಿಂತ ಮೇಲೆ, ನಾಲ್ಕು ವರ್ಷದಿಂದ, ನಾನೇ ಕೊಂಡುಹೋಗಿ ತಿನ್ನುತ್ತಿದ್ದೇನೆ.

ಇದೆಲ್ಲ ನನ್ನ ಬಾಯಿಂದಲೇ ಆದದ್ದು. ನಾನು ಪೂರ್ವದ ಸಾವೊ ಸೀಮೆಯವಳು. ನಮ್ಮ ಕಡೆಯವರು ಯಾವುದಕ್ಕೂ ನೆಟ್ಟಗೆ ಹೌದು, ಇಲ್ಲ ಎನ್ನುವುದಿಲ್ಲ. ಸುತ್ತಿ ಬಳಸಿ ಏನೋ ಒಂದು ಹೇಳುತ್ತೇವೆ, ಅರ್ಥ ಮಾಡಿಕೊಳ್ಳುವುದು ಕೇಳಿಸಿಕೊಂಡವರ ಪಾಡು. ನನ್ನ ಗಂಡ ಓಸ್ಮೊ ಹ್ಯಾಮೆ ಸೀಮೆಯವನು. ಅಲ್ಲಿಯವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಹಾಗಾಗಿ ಬೇರೆಯವರು ಆಡಿದ್ದನ್ನೂ ಆಡಿದ ಹಾಗೇ ನಂಬಿಬಿಡುತ್ತಾರೆ. ಮದುವೆಯಾದ ಮೊದಲ ಈಸ್ಟರಿನಲ್ಲಿ ಅತ್ತೆ ಹಿಲ್ಕಾ ಇಡೀ ದಿನ ಒಲೆಯ ಮುಂದೆ ನಿಂತು ಮಾಡಿದ ಮ್ಯಾಮ್ಮಿಯನ್ನು ನನಗೆ ಬಡಿಸಿ, "ಹೇಗಿದೆ?" ಎಂದು ಕೇಳಿದರು.

"ಏನ್ ಹೇಳ್ಲಿ ಅತ್ತೆ, ಇಂಥದ್ದನ್ನ ನಾನು ಜನ್ಮದಲ್ಲೇ ತಿಂದಿಲ್ಲ" ಎಂದೆ.

ನಮ್ಮೂರಲ್ಲಿ ಹೀಗೆಂದರೆ ಬಟ್ಟಲು ತೆಗೆದು ಬೇರೇನಾದರೂ ಕೊಡುತ್ತಾರೆ. ಅಲ್ಲಿ ಮಾವ ಮೆಚ್ಚಿ ತಲೆಯಾಡಿಸಿದರು, ಅತ್ತೆ ಇನ್ನೊಂದು ಸೌಟು ಹಾಕಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಓಸ್ಮೊನ ಮನೆತನಕ್ಕೆಲ್ಲ ನಾನು ಮ್ಯಾಮ್ಮಿ ಎಂದರೆ ಪ್ರಾಣ ಬಿಡುವ ಸೊಸೆ. ಚಿಕ್ಕತ್ತೆಯರು ಕೂಡ ಉಳಿದದ್ದನ್ನು ಕಟ್ಟಿ ನನಗೇ ಕಳಿಸುತ್ತಿದ್ದರು.

ಈ ವರ್ಷದ ಸಂಗತಿಯೇ ಬೇರೆ. ನಾನು ಓಸ್ಮೊನನ್ನು ಬಿಟ್ಟು ಹೋಗುವುದೆಂದು ಫೆಬ್ರವರಿಯಲ್ಲೇ ತೀರ್ಮಾನವಾಗಿತ್ತು. ನಮ್ಮ ಊರಲ್ಲೇ ಆಸ್ಪತ್ರೆಯ ಹತ್ತಿರ ಒಂದು ಕೋಣೆಯ ಮನೆ ಗೊತ್ತು ಮಾಡಿದ್ದೆ, ಮೇ ಒಂದಕ್ಕೆ ಬೀಗದ ಕೈ ಸಿಗುವುದಿತ್ತು. ಓಸ್ಮೊ ಕೆಟ್ಟವನಲ್ಲ. ಹೊಡೆದವನಲ್ಲ, ಬೈದವನಲ್ಲ, ಶನಿವಾರ ಸೌನಾದಲ್ಲಿ ಹಬೆಸ್ನಾನ ಆದಮೇಲೆ ಎರಡು ಬಿಯರು, ಅಷ್ಟೇ. ಇಂಥವನನ್ನು ಬಿಟ್ಟು ಹೋಗುವವಳಿಗೆ ಯಾರೂ ಅಯ್ಯೋ ಅನ್ನುವುದಿಲ್ಲ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ಸುಸ್ತಾಗಿ ಬಂದು ಏನಾದರೂ ಹೇಳಿದರೆ ಪತ್ರಿಕೆಯ ಹಿಂದಿನಿಂದ "ಹೂಂ" ಎನ್ನುತ್ತಾನೆ. ನನ್ನ ಅಮ್ಮ ತೀರಿಕೊಂಡ ಸುದ್ದಿ ಬಂದಾಗಲೂ "ಹೂಂ" ಎಂದು ಹೊರಗೆ ಹೋಗಿ, ತವರಿಗೆ ದೂರದ ದಾರಿಯೆಂದು ಕಾರಿಗೆ ಹಿಮದಲ್ಲಿ ಜಾರದ ಟೈರು ಹಾಕಿದ. ಅದು ಅವನ ಪ್ರೀತಿಯ ರೀತಿ ಎಂದು ನನಗೆ ನಾನೇ ಹತ್ತು ವರ್ಷ ಹೇಳಿಕೊಂಡೆ. ಆಮೇಲೆ ಹಾಗೆ ಹೇಳಿಕೊಳ್ಳುವುದೂ ಸಾಕಾಯಿತು.

ಹೋಗುತ್ತೇನೆ ಎಂದಾಗಲೂ ಅವನು "ಹೂಂ" ಎಂದಿದ್ದ. ಎರಡು ದಿನ ಬಿಟ್ಟು, "ಅಮ್ಮಂಗೆ ಹೇಳ್ಬೇಡ" ಎಂದ.

ಗುಡ್ ಫ್ರೈಡೆಯ ದಿನ ಅತ್ತೆಯ ಮನೆಗೆ ಹೊರಟೆವು. ರಸ್ತೆಯ ಅಂಚಲ್ಲಿ ಕೊಳಕು ಹಿಮ ಇನ್ನೂ ಕರಗುತ್ತಿತ್ತು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಓಸ್ಮೊ ಬಾಯಿ ಬಿಟ್ಟ.

"ಇವತ್ತು ಏನೂ ಹೇಳ್ಬೇಡ."

"ಹೇಳ್ಬೇಕಾದೋಳು ನಾನಲ್ಲ, ನೀನು. ಅವರು ನಿನ್ನಮ್ಮ."

"ಅಮ್ಮಂಗೆ ಎಂಬತ್ತಾರು."

"ನನಗೂ ಐವತ್ತೇಳು."

ಎರಡು ತಿರುವು ಕಳೆಯಿತು. "ತಿಂದ್ಬಿಡು ವಿರ್ಪಿ. ಯಾವಾಗ್ಲೂ ತಿನ್ನೋ ಹಾಗೆ. ಹಬ್ಬ ಒಂದು ಕಳೀಲಿ" ಎಂದ.

ಇಷ್ಟುದ್ದದ ಮಾತು ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಬಂದದ್ದು ಮ್ಯಾಮ್ಮಿ ತಿನ್ನು ಎನ್ನುವುದಕ್ಕೆ. ಮೈಯೆಲ್ಲ ಉರಿಯಿತು. ಆದರೂ "ಆಯ್ತು" ಎಂದೆ. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು, ನನ್ನಲ್ಲಿ ಅದಿರಲಿಲ್ಲ. ಅಲ್ಲದೆ ಓಸ್ಮೊನನ್ನು ಬಿಡುವುದು ನನಗೆ ಕಷ್ಟವಾಗಿರಲಿಲ್ಲ, ಹಿಲ್ಕಾರನ್ನು ಬಿಡುವುದು ಕಷ್ಟವಾಗಿತ್ತು. ಪ್ರತಿ ಗುರುವಾರ ಕೆಲಸ ಮುಗಿಸಿ ಬಸ್ಸು ಹತ್ತಿ ಹೋಗಿ ಅವರ ಹತ್ತಿರ ಒಂದು ಗಂಟೆ ಹರಟಿ ಬರುತ್ತಿದ್ದೆ. ವಿಷಯ ಗೊತ್ತಾದ ದಿನ ಅವರು ಮಗನ ಪಕ್ಷವೇ ಹಿಡಿಯುತ್ತಾರೆ, ಆ ಬಾಗಿಲು ನನಗೆ ಮುಚ್ಚಿಹೋಗುತ್ತದೆ. ಇನ್ನೊಂದು ಬಟ್ಟಲು ನುಂಗಿದರೆ ಇನ್ನೊಂದು ತಿಂಗಳು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅತ್ತೆ ಇರುವುದು ಪೇಟೆಯಲ್ಲಿ, ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ. ನಾನು ತಂದ ಮ್ಯಾಮ್ಮಿಯನ್ನು ಎಂದಿನಂತೆ ಮರದ ತೊಗಟೆಯ ಹಳೇ ಪೆಟ್ಟಿಗೆಗೆ ಸುರಿದುಕೊಂಡರು. ಅಂಗಡಿಯ ಡಬ್ಬಿ ಮೇಜಿನ ಮೇಲೆ ಕಂಡರೆ ಅವರಿಗೆ ಅವಮಾನ. ಓಸ್ಮೊನ ಮುಂದೆ ಕಾಫಿ, ಏಲಕ್ಕಿ ಬನ್ನು ಇಟ್ಟರು. ಹುಡುಗನಾಗಿದ್ದಾಗ ಅವನು ಮ್ಯಾಮ್ಮಿ ತಿಂದು ಒಮ್ಮೆ ವಾಂತಿ ಮಾಡಿಕೊಂಡಿದ್ದನಂತೆ, ಅಂದಿನಿಂದ ಅವನಿಗೆ ಮಾಫಿ. ನನ್ನ ಬಟ್ಟಲಿಗೆ ಎರಡು ಸೌಟು ಬಿತ್ತು.

"ಏನೇ ಸಾವೊದವಳೇ, ಇವತ್ತು ಮಾತೇ ಇಲ್ಲ? ಗಂಡನ ರೋಗ ಅಂಟ್ಕೊಂಡ್ತಾ?" ಎಂದರು.

"ಸ್ವಲ್ಪ ಸುಸ್ತು ಅತ್ತೆ." ಸಕ್ಕರೆ ಉದುರಿಸಿ, ಕೆನೆ ಹುಯ್ದು, ಚಮಚ ಎತ್ತಿದೆ. ಬಾಯಿಯ ಹತ್ತಿರ ತಂದದ್ದೇ ತಡ, ಅತ್ತೆ ತಮ್ಮ ಸೊಟ್ಟ ಬೆರಳಿನ ಕೈಯಿಂದ ನನ್ನ ಮಣಿಕಟ್ಟು ಹಿಡಿದರು.

"ಇಡು ಅದನ್ನ."

"ಯಾಕತ್ತೆ?"

"ನಿನಗೆ ಸೇರಲ್ಲ."

"ಹಾಗಂತ ಯಾರ್ ಹೇಳಿದ್ದು?"

"ನಿನ್ನ ಮೂತಿನೇ ಹೇಳುತ್ತೆ. ಎರಡನೇ ವರ್ಷ ಬಾಗಿಲ ಸಂದೀಲಿ ನಿಂತು ನೋಡಿದೀನಿ. ಕಣ್ಣು ಮುಚ್ಕೊಂಡು ಕಹಿ ಔಷಧಿ ಹಾಗೆ ನುಂಗ್ತಿದ್ದೆ."

ಚಮಚ ಕೆಳಗಿಟ್ಟೆ. "ಗೊತ್ತಿದ್ದೂ ಬಡಿಸಿದ್ರಾ? ಮೂವತ್ತು ವರ್ಷ?" ಎಂದೆ. ನನ್ನ ದನಿ ಏರಿದ್ದು ನನಗೇ ಕೇಳಿಸಿತು.

"ಬಡಿಸ್ದೆ. ಇಷ್ಟ ಇಲ್ಲದಿದ್ರೂ ತಿಂತಾಳೆ ಅಂದ್ರೆ ಇನ್ನೊಂದು ವರ್ಷ ಇರ್ತಾಳೆ ಅಂತ ಲೆಕ್ಕ. ಈ ಕೊರಡಿನ ಜೊತೆ ಯಾರಿರ್ತಾರೆ ಹೇಳು? ಪ್ರತಿ ಈಸ್ಟರಿಗೂ ನಿನ್ನ ಬಟ್ಟಲನ್ನೇ ನೋಡ್ತಿದ್ದೆ. ನೀನು ತಿಂದು ಬಟ್ಟಲು ಕೆಳಗಿಟ್ರೆ, ಸದ್ಯ ಬದುಕಿದೆ ಅಂದ್ಕೋತಿದ್ದೆ. ನನ್ನ ಸ್ವಾರ್ಥ ಕಣೆ ಅದು, ಬೇರೇನಿಲ್ಲ."

ಓಸ್ಮೊ ಬನ್ನನ್ನು ನೋಡುತ್ತ ಕೂತಿದ್ದ.

"ಮತ್ತೆ ಈಗ್ಯಾಕೆ ಬೇಡ ಅಂತೀರಿ?"

"ಒಂದೇ ತಿಂಗಳಲ್ಲಿ ನನ್ನ ಕರ್ಟನ್ ಎಲ್ಲಾ ಒಗೆದು ತಂದೆ. ಫ್ರೀಜರಿನ ಐಸು ಕೆರೆದೆ. ಕೋಟಿನ ಗುಂಡಿ ಹೊಲಿದೆ. ಮಾತ್ರೆ ಡಬ್ಬಿ ಮೇಲೆ ದೊಡ್ಡದಾಗಿ ವಾರದ ಹೆಸರು ಬರೆದೆ. ಇರೋಳು ಇದನ್ನೆಲ್ಲ ನಾಳೆಗೆ ಇಟ್ಕೋತಾಳೆ. ಹೋಗೋಳು ಒಟ್ಟಿಗೆ ಮಾಡಿ ಮುಗಿಸ್ತಾಳೆ. ಯಾವಾಗ?"

"ಮೇ ಒಂದಕ್ಕೆ" ಎಂದೆ. ಹುಟ್ಟಿದ ಮೇಲೆ ನಾನು ಕೊಟ್ಟ ಮೊದಲ ನೇರ ಉತ್ತರ ಅದೇ ಇರಬೇಕು.

ಅತ್ತೆ ತಲೆದೂಗಿದರು. ನನ್ನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. "ಇವನಪ್ಪನೂ ಹೀಗೇ. ಐವತ್ತೆರಡು ವರ್ಷ ಬಾಳಿದೆ. ನನ್ನ ಮುಂದಿಂದ ಯಾರೂ ಬಟ್ಟಲು ತೆಗೀಲಿಲ್ಲ" ಎಂದರು.

ನಾನು ಅತ್ತುಬಿಟ್ಟೆ. ಗೊತ್ತಾದ ದಿನ ಬೈಗುಳವೋ ಮೌನವೋ ಬರುತ್ತದೆಂದು ತಯಾರಾಗಿದ್ದೆ, ಇದಕ್ಕೆ ತಯಾರಾಗಿರಲಿಲ್ಲ. ಅತ್ತೆ ಕರವಸ್ತ್ರ ಕೊಡಲಿಲ್ಲ, ಸಮಾಧಾನದ ಮಾತಾಡಲಿಲ್ಲ, ಅವರ ಕಡೆಯವರಿಗೆ ಅದು ಬರುವುದಿಲ್ಲ. ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದರು.

"ಮೇ ತಿಂಗಳಲ್ಲೂ ಗುರುವಾರ ಬರುತ್ತೆ ತಾನೆ?" ಎಂದರು.

"ಬರುತ್ತೆ ಅತ್ತೆ."

"ಹಾಗಾದ್ರೆ ಬಾ. ಬನ್ನು ಇರುತ್ತೆ."

ಆಮೇಲೆ ಅತ್ತೆ ಓಸ್ಮೊನ ತಟ್ಟೆಯಿಂದ ಅರ್ಧ ತಿಂದ ಬನ್ನು ಎತ್ತಿ ಬದಿಗಿಟ್ಟು, ಅವನ ಮುಂದೆ ನನ್ನ ಬಟ್ಟಲನ್ನು ಸರಿಸಿದರು.

"ನನಗದು ಆಗಲ್ಲಮ್ಮ" ಎಂದ.

"ಅವಳಿಗೂ ಆಗ್ತಿರಲಿಲ್ಲ" ಎಂದರು ಅತ್ತೆ.

ಓಸ್ಮೊ ಚಮಚ ತೆಗೆದುಕೊಂಡ. ಮೊದಲ ತುತ್ತು ಬಾಯಿಗಿಟ್ಟು, ನುಂಗಲಾರದೆ, ನನ್ನ ಮುಖ ನೋಡಿದ. ಎಷ್ಟೋ ವರ್ಷಗಳ ಮೇಲೆ ನೋಡಿದ, ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹೀಗೆ ಅಯ್ಯೋ ಅನ್ನಿಸಿ ಅನ್ನಿಸಿಯೇ ಮೂವತ್ತೊಂದು ವರ್ಷ ಇದ್ದದ್ದು. ನಾನು ಲೋಟ ಎತ್ತಿಕೊಂಡು ಕಾಫಿ ಕುಡಿದೆ.